ಮುದಿದೊರೆಯನ್ನು ಕೊಲ್ಲು ಅಂದರು

ಕೊನೆಗಾಲದಲ್ಲೂ ಹೊದಿಕೆಯ ಮೇಲೆ ಬೆರಳಲ್ಲೇ ಗೆರೆ ಎಳೆಯುತ್ತಿದ್ದ ನನ್ನ ಅಪ್ಪನಿಗೆ,

ಹೋದ ತಿಂಗಳು ಲಕ್ಷ್ಮಮ್ಮತ್ತೆ ಕಲ್ಯಾಣದುರ್ಗದಿಂದ ಫೋನ್ ಮಾಡಿದಳು. ತಿಪ್ಪೇಶ ಮಾವ ಮಲಗಿದ ಮಂಚ ಬಿಟ್ಟು ಎದ್ದಿಲ್ಲವಂತೆ, ನನ್ನನ್ನು ನೋಡಬೇಕಂತೆ. "ಮಾಮ ನಿನ್ನು ರಮ್ಮಂಟುನ್ನಾಡೇ, ಒಕ್ಕಸಾರಿ ಬಂದ್ಹೋಗು" ಅಂದಳು, ಎಂದಿನಂತೆ ತೆಲುಗು ಬೆರೆಸಿ. ಅಮ್ಮನ ಒಬ್ಬನೇ ತಮ್ಮ, ನಿನ್ನ ಒಬ್ಬನೇ ಭಾಮೈದ. ಆದರೆ ನಮ್ಮ ಮನೆಯ ಹೊಸಿಲು ತುಳಿಯುವುದನ್ನು ಅವನು ಬಿಟ್ಟು ಎಷ್ಟು ಕಾಲವಾಯಿತು ಅಂತ ನಿನಗೇ ಗೊತ್ತು. ನೀನು ಹೋದಾಗ ಮಣ್ಣಿಗೂ ಬರಲಿಲ್ಲ. ಅಂಥವನು ಈಗ ನನ್ನನ್ನೇ ಯಾಕೆ ಕೇಳುತ್ತಾನೆ ಅಂದುಕೊಳ್ಳುತ್ತ ಹಿಂದೂಪುರದಲ್ಲಿ ಬಸ್ಸು ಹತ್ತಿದೆ.

ಊರು ಇನ್ನೇನು ಬಂತು ಅನ್ನುವಾಗ, ಕಟ್ಟುತ್ತಿರುವ ಒಂದು ಮನೆಯ ಪಿಲ್ಲರಿನ ಮೇಲಿಂದ ಅವನು ನನ್ನನ್ನು ನೋಡಿದ. ಎಡಗಡೆ ಬಿಳೀ ಹುಬ್ಬು, ಕೊಕ್ಕೆ ಮೂಗು, ತುದಿ ಹರಿದ ಕಿವಿ. ನಿನ್ನ ಚಿತ್ರಕತೆಯ ಮುದಿದೊರೆ, ಅಪ್ಪ. ಯಾರೋ ಅವನಿಗೆ ಕೆಂಪು ನಾಲಿಗೆ ಇಳಿಬಿಟ್ಟು, ಎರಡು ಕೋರೆಹಲ್ಲು ಅಂಟಿಸಿ, ದೃಷ್ಟಿ ಬೊಂಬೆ ಮಾಡಿ ನೇತುಹಾಕಿದ್ದರು. ಆದರೇನು, ನನಗೆ ಗುರುತು ಸಿಗದೆ ಹೋದೀತೇ? ಅವನ ಬಾಯಿಗೆ ಮಾತು ತುಂಬಿದವಳು ನಾನು. ಪಕ್ಕದ ಮನೆಯ ಮೇಲೂ ಅವನೇ, ಅದರಾಚೆಯ ಗೋಡೌನಿನ ಮೇಲೂ ಅವನೇ. ಬಸ್ ಸ್ಟ್ಯಾಂಡ್ ಬರುವ ಹೊತ್ತಿಗೆ ನಾನು ಕಿಟಕಿಗೆ ಬೆನ್ನು ಹಾಕಿ ಕೂತಿದ್ದೆ. ಪತ್ರಿಕೆ ನಿಂತು ಹೋಯಿತು, ನೀನೂ ಹೋದೆ, ಇವನು ಮಾತ್ರ…

ನೀನು ಪಡಸಾಲೆಯಲ್ಲಿ ಚಾಪೆ ಹಾಸಿ, ಬೋರಲು ಮಲಗಿ ಚಿತ್ರ ಬರೆಯುತ್ತಿದ್ದುದು ಕಣ್ಣಿಗೆ ಕಟ್ಟಿದ ಹಾಗಿದೆ. ಹಗಲು ಹುಣಸೆ ಮಂಡಿಗಳ ಬೋರ್ಡು, ಸಂಜೆ ಮಕ್ಕಳ ಮಾಸಪತ್ರಿಕೆಯ ಚಿತ್ರಕತೆ. ಆ ಪತ್ರಿಕೆ ಒಂದು ಕಡೆಯಿಂದ ತೆರೆದರೆ ಕನ್ನಡ, ತಿರುಗಿಸಿ ಹಿಡಿದರೆ ತೆಲುಗು. ಚಿತ್ರ ಮಾತ್ರ ಎರಡಕ್ಕೂ ಒಂದೇ. ಅದಕ್ಕೆ ನೀನು ಮಾತಿನ ಗುಳ್ಳೆಗಳನ್ನು ದೊಡ್ಡದಾಗಿ ಬರೆದು ಖಾಲಿ ಬಿಡುತ್ತಿದ್ದೆ. ತೆಲುಗು ಪ್ರೆಸ್ಸಿನವರ ಪಾಲು, ಕನ್ನಡ ನನ್ನ ಪಾಲು. ಏನು ಬರೆಯಲಿ ಅಂತ ಕೇಳಿದರೆ, "ಮೊಕ ನೋಡಮ್ಮ, ಏನಂತಾನೆ ಅಂತ ಮೊಕದಾಗೇ ಐತೆ" ಅನ್ನುತ್ತಿದ್ದೆ. ಇವತ್ತಿಗೂ ನಾನು ಅಕ್ಷರದವಳೇ. ಮದುವೆ ಕಾರ್ಡಿಗೆ ಎರಡು ಭಾಷೆಯಲ್ಲೂ ಟೈಪ್ ಮಾಡಿಕೊಂಡು ಹೊಟ್ಟೆ ಹೊರೆಯುತ್ತೇನೆ. ಚಿತ್ರ ನನ್ನ ಕೈಗೆ ಹತ್ತಲೇ ಇಲ್ಲ.

ಪರಿಗಿ ಕೆರೆಯನ್ನು ಮುದಿದೊರೆ ಕದ್ದ ಕತೆ ನೆನಪಿದೆಯಾ? ಬೆಳಗಾಗುವುದರೊಳಗೆ ನೀರು, ಮೀನು, ಏರಿಯ ಮೇಲಿನ ಮರಗಳ ಸಮೇತ ಇಡೀ ಕೆರೆ ನಾಪತ್ತೆ. ಕಲ್ಯಾಣದುರ್ಗದ ಬೆಟ್ಟದ ಗವಿಯಲ್ಲಿ ಕೂತೇ ಅವನು ನಾಡಿನ ಕಳ್ಳರನ್ನೆಲ್ಲ ಆಡಿಸುತ್ತಿದ್ದ. ಎಷ್ಟು ನೂರು ವರ್ಷದವನು ಅಂತ ಅವನಿಗೇ ಮರೆತಿತ್ತು. ಅವನನ್ನು ನೇಣಿಗೆ ಹಾಕಿದರು, ಬಂಡೆಯ ಕೆಳಗೆ ಹೂತರು, ರೈಲಿನ ಹಳಿಗೆ ಕಟ್ಟಿದರು. ಮುಂದಿನ ಸಂಚಿಕೆಗೆ ಪಂಚೆ ಕೊಡವಿಕೊಂಡು ಎದ್ದು ಬರುತ್ತಿದ್ದ. ಅವನನ್ನು ಹಿಡಿಯಲು ಓಡುತ್ತಿದ್ದ ಆ ಇನ್‌ಸ್ಪೆಕ್ಟರನ ಹೆಸರು ಈಗ ಯಾರಿಗೆ ನೆನಪಿದೆ ಹೇಳು? ನನಗೇ ತಕ್ಷಣ ಬರುವುದಿಲ್ಲ.

ಮಾವ ನಮ್ಮ ಬಾಗಿಲಲ್ಲಿ ಜೀಪು ನಿಲ್ಲಿಸಿದ ಆ ಬೆಳಿಗ್ಗೆ ನಾನು ಮನೆಯಲ್ಲೇ ಇದ್ದೆ. ದೊರೆಯ ಮುಖ ಅವನದೇ ಅಂತ ನಮಗೆಲ್ಲ ಗೊತ್ತಿತ್ತು. ಹುಟ್ಟಿನಿಂದ ಬಂದ ಆ ಬಿಳೀ ಹುಬ್ಬು ಬೇರೆ ಯಾರಿಗಿದೆ? ಅವನು ಕಲ್ಯಾಣದುರ್ಗದಿಂದ ಸುತ್ತಲ ಹಳ್ಳಿಗಳಿಗೆ ಜೀಪು ಹೊಡೆಯುತ್ತಿದ್ದ. ಮಕ್ಕಳು ಜೀಪಿನ ಹಿಂದೆ ಓಡಿ "ದೊರೆ ಬಂದ, ಜೇಬು ನೋಡ್ಕಳ್ರಲಾ" ಅಂತ ಕೂಗಲು ಶುರುಮಾಡಿದ್ದವು. ಹೆಂಗಸರು ಮುಂದಿನ ಸೀಟಿಗೆ ಹತ್ತಲು ಹಿಂಜರಿಯುತ್ತಿದ್ದರು. ಹೊಸಿಲಾಚೆಯೇ ನಿಂತು ಅವನು ಹೇಳಿದ: "ಭಾವಾ, ಒಂದಾ ನನ್ನ ಮೊಕ ತೆಗಿ, ಇಲ್ಲಾಂದ್ರೆ ಅವನ್ನ ಸಾಯ್ಸು." ನೀನು ತಲೆ ಎತ್ತದೆ ಬಣ್ಣ ಕಲಸುತ್ತ, "ಎರಡೂ ಆಗಲ್ಲ ಕಣ್ಲಾ ತಿಪ್ಪೇಶ" ಅಂದೆ. ಅಷ್ಟೇ. ಅಮ್ಮ ತಂದಿಟ್ಟ ಕಾಫಿ ಹಾಗೇ ಆರಿತು. ನನಗೆ ನಿನ್ನ ಮೇಲೆ ಮೈಯೆಲ್ಲ ಉರಿದಿತ್ತು ಅಪ್ಪ. ಒಂದು ಮುಖ ಬದಲಾಯಿಸಲು ನಿನ್ನ ಗಂಟೇನು ಹೋಗುತ್ತಿತ್ತು?

ಈಗ ಮಾವ ಮಂಚದ ಮೇಲೆ ಮುದುಡಿಕೊಂಡು ಮಲಗಿದ್ದ. ಬೆನ್ನುಮೂಳೆ ಸವೆದು ಹೋಗಿದೆಯಂತೆ. ಅನಂತಪುರದ ಡಾಕ್ಟರು ಈ ವಯಸ್ಸಿಗೆ ಮಾಡುವಂಥದ್ದು ಏನೂ ಇಲ್ಲ, ನೋವಿನ ಮಾತ್ರೆ ನುಂಗಿಸಿ ಅಂದರಂತೆ. ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳಲು ಅತ್ತೆ ಬೇಕು. ಮಂಚದ ಎದುರಿಗೇ ಕಿಟಕಿ. ಕಿಟಕಿಯಾಚೆ ಅರ್ಧ ಕಟ್ಟಿದ ಮನೆ. ಅದರ ನೆತ್ತಿಯಿಂದ ಮುದಿದೊರೆ ಒಳಗೆ ನೋಡುತ್ತಿದ್ದ. ಒಂದೇ ಮುಖ ಮಂಚದ ಮೇಲೂ ಇತ್ತು, ಕಿಟಕಿಯಾಚೆಯೂ ಇತ್ತು. ಮಂಚದ ಮೇಲಿನದಕ್ಕೇ ಹೆಚ್ಚು ವಯಸ್ಸಾಗಿತ್ತು.

"ಬಾಮ್ಮ ಗಿರಿಜಾ, ಕೂತ್ಕ" ಅಂದ. ನಾನು ನೀರು ಕುಡಿದ ಮೇಲೆ ಕಿಟಕಿಯ ಕಡೆ ಕಣ್ಣಲ್ಲೇ ತೋರಿಸಿದ. "ಇಡೀ ಮಂಡಲದ ದಿಷ್ಟಿ ತಗಳಕ್ಕೆ ನನ್ನ ಮೊಕ ನೇತಾಕವ್ರೆ. ಹೊಟ್ಟೆ ಉರ್ಕಂಡೋರೆಲ್ಲಾ ಮನೆ ನೋಡಲ್ಲ, ನನ್ನ ನೋಡ್ತಾರೆ. ಎಲ್ಲಾ ಬಂದು ಈ ಬೆನ್ನಾಗೆ ಕೂತೈತೆ. ಸತ್ತಾದ್ರೂ ಹೋಗಣ ಅಂದ್ರೆ ಅವನಿಗೆ ಸಾವಿಲ್ಲ. ಅವನಿಗಿಲ್ದಿದ್ಮೇಲೆ ನಂಗೆಲ್ಲಿಂದ ಬತ್ತದಮ್ಮ?"

"ಮಾವ, ಅದು ಬರೀ ಚಿತ್ರ" ಅಂದೆ.

"ಚಿತ್ರಾನೇ. ಅದ್ಕೇ ನಿನ್ನ ಕರ್ಸಿದ್ದು. ನಿಮ್ಮಪ್ಪ ಸಾಯ್ಸಲ್ಲ ಅಂದ್ಬುಟ್ಟ. ನೀನು ಸಾಯ್ಸು. ಒಂದೇ ಒಂದು ಚಿತ್ರ ಬರಿ, ಅವನು ಸತ್ತಂಗೆ. ನಾನು ನೋಡ್ಕಂಡು ಹೋಯ್ತೀನಿ."

ಅತ್ತೆ ಅಡುಗೆಮನೆಯಿಂದಲೇ "ಏಂ ಮಾಟಲಯ್ಯಾ ಅವಿ, ಚಾಲು" ಅಂತ ಗದರಿದಳು, ಎಂಥ ಮಾತು, ಸಾಕು ಅಂತ. ಮಾವ ಕೇಳಿಸಿಕೊಳ್ಳಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡೇ ಇದ್ದ. ಆ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

ಅಲ್ಲಿಂದ ಎದ್ದು ನೆಟ್ಟಗೆ ಈ ಬೊಂಬೆಗಳನ್ನು ಅಚ್ಚುಹಾಕುವ ಫ್ಲೆಕ್ಸ್ ಅಂಗಡಿಗೆ ಹೋದೆ, ಜಗಳ ಕಾಯಲೆಂದೇ. ಅಂಗಡಿಯವನು ನಿನ್ನ ಹೆಸರು ಕೇಳಿ ಕೈಮುಗಿದುಬಿಟ್ಟ. "ನಮ್ಮನೇಲಿ ಆ ಪುಸ್ತಕ ಇತ್ತು ಅಕ್ಕ. ಚಿಕ್ಕೋನಿದ್ದಾಗ ದೊರೇನ ನೋಡಿ ಚಡ್ಡಿ ಒದ್ದೆ ಮಾಡ್ಕಂಡಿದ್ದೆ. ನಾನೇ ಹೆದರಿದೋನು, ದಿಷ್ಟಿ ಹೆದ್ರಲ್ವಾ? ಅದಕ್ಕೇ ಹಾಕ್ದೆ. ಈಗ ಬೇರೆ ರಾಕ್ಷಸನ್ನ ಯಾರೂ ಕೇಳಲ್ಲ." ಕಳ್ಳರ ದೊರೆಯನ್ನು ಮನೆ ಕಾಯಲು ನಿಲ್ಲಿಸಿದ್ದೀರಲ್ಲಪ್ಪ ಅಂದರೆ, "ಸಾಯ್ದಿರೋನು ಇವನೊಬ್ನೇ ಅಲ್ವಾ ಅಕ್ಕ" ಅಂದ. ನನಗೆ ನಗು ಬಂತು. ನಿನಗೂ ಬರುತ್ತಿತ್ತೇನೋ. ಎದುರುಮನೆಯ ಯಜಮಾನನನ್ನೂ ಕೇಳಿದೆ, ಕಾಯಿಲೆಯವರಿದ್ದಾರೆ, ಅದೊಂದನ್ನು ಇಳಿಸಿ ಅಂತ. ಅವನು ಮೇಲಕ್ಕೆ ಕೈ ತೋರಿಸಿದ. ಇನ್ನೊಂದು ಅಂತಸ್ತು ಎಬ್ಬಿಸಲೆಂದು ಬಿಟ್ಟ ಕಬ್ಬಿಣದ ಕಂಬಿಗಳು ತಾರಸಿಯ ಮೇಲೆ ನಿಂತಿದ್ದವು. ಕಂಬಿ ಇರುವ ತನಕ ಮನೆ ಮುಗಿದಿಲ್ಲ, ಮನೆ ಮುಗಿಯದೆ ದೃಷ್ಟಿ ಬೊಂಬೆ ಇಳಿಸುವ ಹಾಗಿಲ್ಲ. ನಮ್ಮ ಸೀಮೆಯಲ್ಲಿ ಯಾವ ಮನೆಯ ಕಂಬಿ ಕತ್ತರಿಸಿದ್ದನ್ನು ನೋಡಿದ್ದೀಯ ನೀನು?

ಹಿಂದೂಪುರಕ್ಕೆ ಬಂದು ಅಮ್ಮನಿಗೆ ಎಲ್ಲ ಹೇಳಿದಾಗ ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ತಮ್ಮ ಸಾವು ಕೇಳುತ್ತಿದ್ದಾನೆ ಅಂದ ಕೂಡಲೇ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಬರೀಬ್ಯಾಡ" ಅಂದಳು. ಯಾಕೆ ಅಂದೆ. "ಬ್ಯಾಡ ಅಂದ್ರೆ ಬ್ಯಾಡ ಕಣೆ" ಅಂದವಳು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದಳು. ಆಮೇಲೆ ಒಂದೊಂದೇ ಹೇಳತೊಡಗಿದಳು. ಅಪ್ಪ, ನಿನ್ನ ಜೊತೆ ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೆ ನಾನು. ಇದು ನನಗೆ ಗೊತ್ತೇ ಇರಲಿಲ್ಲ.

ಮಾವ ಆಗ ಹುಡುಗು ಪ್ರಾಯದವನು, ಹುಣಸೆ ಸುಗ್ಗಿಗೆ ಅಂತ ನಮ್ಮ ಮನೆಗೆ ಬಂದಿದ್ದನಂತೆ. ಬೆಳಿಗ್ಗೆ ಮರದಡಿ ಹಣ್ಣು ಆಯುವಾಗ ಹಾವು ಕಚ್ಚಿತು. ದೊಡ್ಡಾಸ್ಪತ್ರೆಯಲ್ಲಿ ಮಲಗಿಸಿದರು, ಬಾಯಲ್ಲಿ ನೊರೆ, ಕಾಲು ಬಾತು ಕಪ್ಪಾಗಿತ್ತು. ಡಾಕ್ಟರು ಸೂಜಿ ಹಾಕಿ, ನಮ್ಮ ಕೈಲಾದ್ದು ಮಾಡಿದ್ದೀವಿ ಅಂದು ಹೋದರು. ನೀನು ಪ್ರೆಸ್ಸಿಗೆ ಕೊಡಬೇಕಿದ್ದ ಹಾಳೆಯನ್ನು ಕಂಕುಳಲ್ಲೇ ಇಟ್ಟುಕೊಂಡು ಬಂದಿದ್ದೆಯಂತೆ. ಅದು ದೊರೆಯ ಮೊದಲನೇ ಕತೆ. ಅದೇ ಕತೆಯಲ್ಲಿ ಅವನು ಸಾಯಬೇಕಿತ್ತು. ಅವನಿಗೆ ಆಗ ಬೇರೆ ಯಾವುದೋ ಮುಖ ಇತ್ತು. ನೀನು ಆಸ್ಪತ್ರೆಯ ವರಾಂಡದ ನೆಲದ ಮೇಲೆ ಕೂತು ಆ ಮುಖ ಅಳಿಸಿ ಭಾಮೈದನ ಮುಖವನ್ನೇ ಮುದಿಮಾಡಿ ಬರೆಯಲು ಶುರುಮಾಡಿದೆ.

"ನನ್ನ ತಮ್ಮ ಅಲ್ಲಿ ಹೋಯ್ತಾವ್ನೆ, ನೀನು ಬೊಂಬೆ ಬರೀತಾ ಕೂತಿದೀಯಲ್ಲ, ಮನುಷ್ಯನಾ ನೀನು ಅಂತ ಎಲ್ರ ಮುಂದೇನೇ ಬೈದ್ಬುಟ್ಟೆ" ಅಂದಳು ಅಮ್ಮ. "ನಿಮ್ಮಪ್ಪ ತಲೆ ಎತ್ಲಿಲ್ಲ. ಸುಮ್ನಿರು, ಇವನ್ನ ಎಬ್ಬಿಸ್ತಿದೀನಿ ಅಂದ. ಹಾವು ಕಚ್ಚಿದ ದೊರೆ ಕಣ್ಬಿಟ್ಟು ಎದ್ದು ಕೂರೋ ಚಿತ್ರ. ಅದನ್ನ ಬರ್ದ, ಮತ್ತೆ ಬರ್ದ, ಹಾಳೆ ಹಿಂದ್ಗಡೆನೂ ಅದನ್ನೇ ಬರ್ದ. ಹೊತ್ತು ಮುಳುಗೋ ಹೊತ್ಗೆ ತಿಪ್ಪೇಶ ನೀರು ಕೇಳ್ದ."

ಆಮೇಲೆ ನೀನು ಅಮ್ಮನ ಕೈಯಲ್ಲಿ ಆಣೆ ಹಾಕಿಸಿಕೊಂಡೆಯಂತೆ, ಇದನ್ನು ಯಾರಿಗೂ ಹೇಳಬಾರದು, ಹೇಳಿದರೆ ಕಟ್ಟಿದ ಹರಕೆ ಬಿಚ್ಚಿಹೋಗುತ್ತದೆ ಅಂತ. ಸಂಪಾದಕರು ಸಾಕು, ಈ ಖಳನನ್ನು ಮುಗಿಸಿ ಅಂತ ಎಷ್ಟು ಸಲ ಅಂದರೂ ನೀನು ಮುಗಿಸಲಿಲ್ಲ. ಮಾವನೇ ಬಂದು ಬಾಗಿಲಲ್ಲಿ ನಿಂತು ಕೇಳಿದಾಗಲೂ… ಅಯ್ಯೋ ಅಪ್ಪ. ಅವನು ತನ್ನ ಸಾವನ್ನೇ ಕೇಳುತ್ತಿದ್ದಾನೆ ಅಂತ ನಿನಗೂ ಅಮ್ಮನಿಗೂ ಮಾತ್ರ ಗೊತ್ತಿತ್ತು. ತಲೆ ಎತ್ತಿದ್ದರೆ ಮುಖದಲ್ಲಿ ಕಾಣಿಸಿಬಿಡುತ್ತಿತ್ತು ಅಂತ ತಾನೆ ತಲೆ ಎತ್ತಲಿಲ್ಲ? ಅಷ್ಟು ವರ್ಷ ತಿಂಗಳು ತಿಂಗಳು ಆ ಕಣ್ಣು ಬಿಡಿಸುವಾಗ ನಿನ್ನ ಕೈ ಹೇಗಿತ್ತು? ನನಗೆ ಒಂದು ಮಾತು ಹೇಳಬಹುದಿತ್ತು.

ಮೇಜಿನ ಮುಂದೆ ಕೂತು ಪೆನ್ಸಿಲ್ ಹಿಡಿದ ದಿನ ನಾನೂ ಹೆದರಿದೆ. ನಾನು ಇದನ್ನೆಲ್ಲ ನಂಬುವವಳಲ್ಲ, ನಿನಗೆ ಗೊತ್ತು. ದೃಷ್ಟಿ ತೆಗೆಯಲು ಬಂದವರನ್ನು ಬೈದು ಕಳಿಸಿದವಳು ನಾನು. ಆದರೆ ಹುಬ್ಬು ಬರೆದೆ, ಮೂಗು ಬರೆದೆ, ಕಣ್ಣಿಗೆ ಬಂದಾಗ ಕೈ ನಿಂತುಹೋಯಿತು. ಬರೆದು, ನಾಳೆಯೇ ಅವನು ಹೋದರೆ? ಬರೆಯದೆ, ಅವನು ಹಾಗೇ ನರಳುತ್ತ ಬಿದ್ದಿದ್ದರೆ? ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಮತ್ತೆ ಬಸ್ಸು ಹತ್ತಿದೆ. ಅಮ್ಮ ನನಗೆ ಹೇಳಿ ಅರ್ಧ ಮುರಿದ ಆಣೆಯನ್ನು ನಾನು ಪೂರ್ತಿ ಮುರಿಯುವವಳಿದ್ದೆ. ನಿನ್ನ ಭಾವ ನಿನ್ನನ್ನು ಅಣಕಿಸಲಿಲ್ಲ ಮಾವ, ಉಳಿಸಿಕೊಂಡ, ಅಂತ ಹೇಳಿದರೆ ಈ ಹಟ ಬಿಟ್ಟಾನು ಅಂದುಕೊಂಡಿದ್ದೆ.

ಮಾವ ಪೂರ್ತಿ ಕೇಳಿಸಿಕೊಂಡ. ಕಿಟಕಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ವರಾಂಡದಾಗೆ ಕೂತಿದ್ನಾ?" ಅಂದ. "ಹೂಂ ಮಾವ, ನೆಲದ ಮೇಲೇ." "ಊಟ?" "ಮಾಡಲಿಲ್ಲವಂತೆ." ಅವನ ಮುಖ ತಿಳಿಯಾಯಿತು. ಗೆದ್ದೆ ಅಂದುಕೊಂಡೆ. ಆಗ ಅವನು ಅಂದ, "ಹಂಗಾದ್ರೆ ಕೆಲಸ ಮಾಡ್ತೈತೆ ಬಿಡು. ಭಾವ ಬರ್ದು ಎಬ್ಬಿಸ್ದ. ನೀನು ಬರ್ದು ಮಲಗ್ಸು."

ಏನು ಹೇಳಲಿ ಅಪ್ಪ? ಬೇಡ ಅನ್ನಿಸಲು ತಂದ ಮಾತೇ ಅವನಿಗೆ ಸಾಕ್ಷಿಯಾಯಿತು. ಮಂಚದ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಬರೆದೆ. ಅವನು ದಿಂಬಿಗೆ ಒರಗಿ ಹೇಳಿಕೊಡುತ್ತಿದ್ದ. ಯಾರೂ ಹೊಡೆದಿರಬಾರದು, ನಿದ್ದೆಯಲ್ಲಿ ಹೋದ ಹಾಗಿರಬೇಕು. "ಮೀಸೆ ಅಷ್ಟು ದಪ್ಪ ಬ್ಯಾಡಮ್ಮ. ನಾಲಿಗೆ ಕಿತ್ತಾಕು, ಅದು ನಂದಲ್ಲ." ಕಣ್ಣಿಗೆ ಬಂದಾಗ ನಾನು ನಿಲ್ಲಿಸಿದೆ. "ಮುಚ್ಚು" ಅಂದ. ಮುಚ್ಚಿದೆ. ಎರಡೇ ಗೆರೆ. ಅವನು ಹಾಳೆಯನ್ನು ಎದೆಯ ಮೇಲಿಟ್ಟುಕೊಂಡು, ಅತ್ತೆಯನ್ನು ಕರೆದು ಒಗೆದ ಪಂಚೆ ಉಡಿಸಿಕೊಂಡ. "ನೀಕೇಮೈನಾ ಪಿಚ್ಚಾ?" ಹುಚ್ಚು ಹಿಡಿದಿದೆಯಾ ಅಂತ ಬೈಯುತ್ತಲೇ ಉಡಿಸಿದಳು, ಬೈಯುತ್ತಲೇ ಅತ್ತಳು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ನಾನು ಕಾಲ ಬಳಿ ಕೂತೆ. ಉಸಿರು ನೋಡುತ್ತ ಕೂರುವುದೆಂದರೆ ಏನು ಅಂತ ನಿನಗೆ ಗೊತ್ತಿದೆ, ನಾನು ಹೇಳಬೇಕಾಗಿಲ್ಲ.

ಬೆಳಿಗ್ಗೆ ಹಾಲಿನವನ ಗಂಟೆಗೆ ಅವನು ಕಣ್ಣು ಬಿಟ್ಟ. ಮೊದಲು ನನ್ನನ್ನು ನೋಡಿದ, ಆಮೇಲೆ ಅತ್ತೆಯನ್ನು. "ನೀವೂ ಬಂದ್ಬುಟ್ರಾ?" ಅಂದ. ಅತ್ತೆ ಚೊಂಬು ಕುಕ್ಕಿ ಹೊರಗೆ ಹೋದಳು. ನನಗಂತೂ ನೆಮ್ಮದಿಯಾಯಿತು. ಅದರ ಮಾರನೆಯ ದಿನವೂ ಎದ್ದ. ನೋವು ಇದ್ದ ಹಾಗೇ ಇತ್ತು. ನಾನು ಊರಿಗೆ ಹೊರಡಲು ಬ್ಯಾಗು ಹೆಗಲಿಗೆ ಹಾಕಿಕೊಂಡಾಗ ಅವನು ಅಳುತ್ತಿದ್ದ. ಸಾವು ಬರಲಿಲ್ಲ ಅಂತ ಅಳುತ್ತಿದ್ದಾನೆ ಅಂದುಕೊಂಡು ಸಮಾಧಾನ ಹೇಳಲು ಹೋದೆ.

"ಅದಲ್ಲ ಕಣಮ್ಮ" ಅಂದ. "ಅವನು ಕಣ್ಮುಚ್ಚಿದ್ರೂ ನಾನು ಹೋಗ್ಲಿಲ್ಲ. ಹಂಗಾದ್ರೆ ಅವನಿಗೂ ನಂಗೂ ಏನೂ ಇಲ್ಲ. ಹಂಗಾದ್ರೆ ಅವತ್ತು ಭಾವ ನನ್ನ ಎಬ್ಬಿಸಿದ್ದೂ ಸುಳ್ಳೇ ಅಲ್ವಾ?"

ನಾನು ಬ್ಯಾಗು ಕೆಳಗಿಟ್ಟೆ. ಎಬ್ಬಿಸಿದ್ದು ಡಾಕ್ಟರ ಸೂಜಿ ಮಾವ ಅಂತ ನಾಲಿಗೆಯ ತುದಿಗೆ ಬಂದಿತ್ತು. ನಾನು ಅದನ್ನೇ ನಂಬುವುದೂ ಕೂಡ. ಆದರೆ ಅರ್ಧ ಆಯಸ್ಸು ನಿನ್ನನ್ನು ಬೈದುಕೊಂಡು ಬದುಕಿದವನಿಗೆ, ನೀನು ಅವನಿಗಾಗಿ ನೆಲದ ಮೇಲೆ ಕೂತಿದ್ದೆ ಅನ್ನುವುದು ಸಿಕ್ಕಿ ಎರಡು ದಿನವೂ ಆಗಿರಲಿಲ್ಲ. ಅದನ್ನು ಹೇಗೆ ಕಿತ್ತುಕೊಳ್ಳಲಿ?

ಅವನು ಪೆನ್ಸಿಲ್ ಕೇಳಿದ. ಎದೆಯ ಮೇಲಿದ್ದ ಹಾಳೆಯನ್ನು ಹಲಗೆಯ ಮೇಲಿಟ್ಟು ಹಿಡಿದುಕೊಂಡೆ. ನಾನು ಎಳೆದ ಎರಡು ಗೆರೆಗಳ ಮೇಲೆ ಅವನೇ ಕಣ್ಣು ಬರೆದ. ಸ್ಟೀರಿಂಗ್ ಹಿಡಿದ ಕೈಯಲ್ಲಿ ಪೆನ್ಸಿಲ್ ಎಲ್ಲಿ ನಿಲ್ಲಬೇಕು? ಒಂದು ದೊಡ್ಡದಾಯಿತು, ಇನ್ನೊಂದು ಹುಬ್ಬಿಗೆ ಹತ್ತಿಕೊಂಡಿತು. ಪ್ರತಿ ಗೆರೆಗೂ ಬೆನ್ನು ಹಿಡಿದು ಹಲ್ಲು ಕಚ್ಚುತ್ತಿದ್ದ. ನಾನು ಬರೆಯುತ್ತೇನೆ ಕೊಡು ಅಂದರೆ ಕೊಡಲಿಲ್ಲ. ಮುಗಿಸಿ, ಪೆನ್ಸಿಲ್ ನನ್ನ ಕೈಗೆ ಕೊಟ್ಟು, "ಅವನೂ ಕಣ್ಬಿಟ್ಕಂಡಿರ್ಲಿ, ನಾನೂ ಬಿಟ್ಕಂಡಿರ್ತೀನಿ. ನಾವಿಬ್ರೂ ಇರೋಗಂಟ ಭಾವ ಮಾಡಿದ್ದು ಸುಳ್ಳಾಗಲ್ಲ" ಅಂದ. ಅತ್ತೆಗೆ ಮಾತ್ರೆ ತರಲು ಹೇಳಿದ. ಬೇಡ ಬೇಡ ಅಂತ ತಿಂಗಳಿಂದ ಉಗುಳುತ್ತಿದ್ದ ಮಾತ್ರೆಯನ್ನು ಬಾಯಿ ತೆರೆದು ನುಂಗಿದ. ಗಂಜಿಯನ್ನೂ ಕುಡಿದ.

ಹೊರಡುವಾಗ ಬಾಗಿಲವರೆಗೆ ಹೋದವಳನ್ನು ಕರೆದು, "ಕಾಗದ ಹಾಕು" ಅಂದ. ಯಾರಿಗೆ ಅಂದೆ. "ನಿಮ್ಮಪ್ಪಂಗೆ" ಅಂದ, ನೀನು ಎಲ್ಲೋ ಬೋರ್ಡು ಬರೆಯಲು ಪಕ್ಕದೂರಿಗೆ ಹೋಗಿದ್ದೀಯ ಅನ್ನುವ ಹಾಗೆ. ಏನಂತ ಬರೆಯಲಿ ಮಾವ ಅಂದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ ಅಪ್ಪ. ಮಾತು ಅವನದು, ಅಕ್ಷರ ನನ್ನದು. ಈಗ ಅವನ ನೋವು ಇನ್ನೂ ಜಾಸ್ತಿಯಾಗಿದೆ. ಅತ್ತೆ ಫೋನಿನಲ್ಲಿ ಹೇಳುತ್ತಾಳೆ, ಅರಚುತ್ತಾನೆ, ಆದರೆ ಸಾವಿನ ಮಾತು ಎತ್ತುವುದಿಲ್ಲವಂತೆ. ಅವನು ಹೇಳಿಕಳಿಸಿದ್ದು ಇಷ್ಟೇ:

"ಭಾವಾ, ಎಚ್ಚರವಾಗಿದೀನಿ."

ಇಂತಿ, ನಿನ್ನ ಗಿರಿಜಾ